ತಿಕ್ಕಿದರೂ ಹೋಗದ ಶಾಯಿ

ವನದುರ್ಗದಾಗ ಬಳಿ ಮಾರೋ ಶರೀಫಾಬೀಗೆ ತಲಿ ಕೆಟ್ಟುಹೋಗಿತ್ತು. ಕೊರೊನಾ ಕಾಲದಾಗ ಸೊಲ್ಲಾಪುರಕ್ಕ ಹೋಗಿ ಬಳಿ ತಂದಳು ಅಂತ ಆಕಿನ್ನ ಕ್ವಾರಂಟೈನ್ ಮಾಡಿ ಮನ್ಯಾಗ ಕೂಡಿಸಿದ್ದರು. ಅದರ ಗುರುತಿಗೆ ಕೈಗೆ ಒತ್ತೋ ಮುದ್ರಿ ಎಲ್ಲೋ ಮರೆತುಬಂದಿದ್ದ ಆರೋಗ್ಯ ಸಿಬ್ಬಂದಿ, ಓಟಿನ ಶಾಯಿಯನ್ನ ಎಡಗೈ ತೋರುಬೆರಳಿಗೆ ಬಳಿದು, "ತಿಕ್ಕಿದರೂ ಹೋಗಂಗಿಲ್ಲ ಬಿಡ್ರಿ" ಅಂದಿದ್ದ.

ಅದರ ಬೆನ್ನಿಗೇ ಪಂಚಾಯ್ತಿ ಚುನಾವಣಿ ಬಂತು. ಮನ್ಯಾಗ ಕೂಡಿಸಿದವರಿಗೆ ಓಟಿಲ್ಲ ಅಂತ ಹುಕುಂ ಆತು. ಆಕಿ ಬಿಡೋ ಪೈಕಿ ಅಲ್ಲ. ಶಹಾಪುರದ ವಕೀಲ ಶರಣಕುಮಾರನ ಕಡಿಂದ ಹೈಕೋರ್ಟಿಗೆ ಅರ್ಜಿ ಹಾಕಿಸಿದಳು. ಕೊನೀ ತಾಸಿನಾಗ ಇಂಥವರಿಗೂ ಓಟು ಹಾಕಾಕ ಬಿಡಬೇಕು ಅಂತ ಮತದಾನದ ಹಿಂದಿನ ದಿನ ಆದೇಶ ಬಂತು.

ಮರುದಿನ ಸಂಜಿಗೆ ಆದೇಶದ ಪ್ರತಿ ಹಿಡಕೊಂಡು ಬೂತಿಗೆ ಹೋದಳು. ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಅಧಿಕಾರಿ ಅದನ್ನ ಓದಿ ತಲಿಯಾಡಿಸಿದ. ಬೆರಳು ನೋಡಿ ಹುಬ್ಬು ಗಂಟಿಕ್ಕಿದ.

"ನೀವಾಗಲೇ ಓಟು ಹಾಕೀರಲ್ರಿ."

"ಮನಿ ಬಿಟ್ಟು ಹೊರಗ ಬರಬ್ಯಾಡ ಅಂತ ನಿಮ್ಮವರೇ ಹಚ್ಚಿದ್ದು ಸಾಹೇಬ್ರ, ಇದು."

ಅವ ಆದೇಶವನ್ನ ಹಿಂದಮುಂದ ತಿರುವಿ ನೋಡಿದ. ಗೋಡಿಮ್ಯಾಲಿನ ಗಡಿಯಾರ ನೋಡಿದ.

"ಇದ್ರಾಗ ಬೆರಳಿನ ಮಾತೇ ಇಲ್ಲ. ಬೇಕಾದ್ರ ಕೋರ್ಟಿಗೆ ಹೋಗ್ರಿ."