ಎಡಗಾಲು ಮೊದಲು

ರಂಜಿತಾ ಆಡುವುದು ಯಾವ ಆಟ ಅಂತ ಅವಳ ಊರು ಹಿರೇಗುತ್ತಿಯಲ್ಲಿ ಸರಿಯಾಗಿ ಗೊತ್ತಿದ್ದವರು ಕಡಿಮೆ. ಕೆಲವರಿಗೆ ಅದು ವಾಲಿಬಾಲು, ಕೆಲವರಿಗೆ ಕಾಲು ಬಿಟ್ಟು ಕೈಯಲ್ಲಿ ಆಡುವ ಫುಟ್‌ಬಾಲು. ಹ್ಯಾಂಡ್‌ಬಾಲ್ ಎಂದು ಹೇಳಿ ಹೇಳಿ ಬೇಜಾರು ಬಂದು, ಈಗ ಕೇಳಿದವರಿಗೆಲ್ಲ ‘ಹೌದು, ಅದೇ’ ಎಂದುಬಿಡುತ್ತಿದ್ದಳು. ಅವಳು ಕುಮಟೆಯ ಟೀಮಿನ ಗೋಲ್‌ಕೀಪರ್. ಟೀಮು ರಾಷ್ಟ್ರೀಯ ಲೀಗಿನಲ್ಲಿದೆ ಅಂದರೆ ಜನ ಹುಬ್ಬೇರಿಸುತ್ತಾರೆ. ಎರಡನೇ ಡಿವಿಷನ್ ಅಂದ ಕೂಡಲೇ ಹುಬ್ಬು ಇಳಿಯುತ್ತದೆ. ಪೇಪರಿನವರೂ ಬರುವುದಿಲ್ಲ. ಮೊದಲನೇ ಡಿವಿಷನ್ನಿಗೆ ಏರಿದರೆ ಮಾತ್ರ ನಾಲ್ಕು ಜನ ಕಣ್ಣೆತ್ತಿ ನೋಡಿಯಾರು. ಮೇ ತಿಂಗಳ ಆ ಭಾನುವಾರ ಗೋವೆಯ ಟೀಮನ್ನು ಸೋಲಿಸಿದರೆ ಕುಮಟೆ ಮೇಲೇರುತ್ತದೆ. ಪಂದ್ಯ ಸಮವಾದರೂ ಸಾಕು, ಏರುವುದು ಗೋವೆ.

ಕುಮಟೆಯ ಅಂಕಣ ಮಣ್ಣಿನದು, ಸುಣ್ಣದ ಗೆರೆಯದು. ಲೀಗಿನ ದೊರೆಗಳಿಗೆ ಅದು ಸರಿಬರುವುದಿಲ್ಲ. ಹಾಗಾಗಿ ನಮ್ಮೂರ ಪಂದ್ಯ ಅನ್ನುವುದನ್ನೂ ಭಟ್ಕಳಕ್ಕೆ ಹೋಗಿ, ಸೂರಿನಡಿ ಆಡಬೇಕು. ಟೆಂಪೊ ಓಡಿಸುವ ವೆಂಕಟ ಹೊನ್ನಾವರದ ಸರ್ಕಲ್ ಬಂದ ಕೂಡಲೇ ಅಭ್ಯಾಸಬಲದಿಂದ ಬ್ರೇಕ್ ಒತ್ತಿದ. ಹಿಂದಿನ ವರ್ಷದವರೆಗೆ ಟೀಮಿನಲ್ಲಿದ್ದ ವಿಭಾ ಅಲ್ಲೇ ಹತ್ತುತ್ತಿದ್ದಳು.

“ಎಂತಕ್ಕೆ ನಿಲ್ಸ್ತೆ ಮಾರಾಯ? ಅವ್ಳು ಈಗ ಗೋವೆಯವ್ಳು,” ಎಂದು ಹಿಂದಿನ ಸೀಟಿನಿಂದ ಉಮಾ ರೇಗಿದಳು.

“ಕೆಲ್ಸ ಕೊಟ್ರು, ಹೋದ್ಳು. ನಿಂಗೆ ಕೊಟ್ರೆ ನೀ ಹೋಗ್ತಿರ್ಲಿಲ್ವನೆ?” ಎಂದಳು ರಂಜಿತಾ. ಟೀಮಿನವರೆಲ್ಲ ವಿಭಾಳನ್ನು ಬಾಯಿಗೆ ಬಂದಂತೆ ಬೈಯುವಾಗಲೂ ಅವಳ ಪರ ವಹಿಸುತ್ತಿದ್ದವಳು ಇವಳೊಬ್ಬಳೇ.

ಮುಂದಿನ ಸೀಟಿನಲ್ಲಿ ರಂಜಿತಾಳ ತಾಯಿ ನಾಗಮ್ಮ ಕೂತಿದ್ದಳು. ಮಗಳ ಆಟ ನೋಡಲು ಹೊರಟದ್ದು ಇದೇ ಮೊದಲು. ಮಡಿಲಲ್ಲಿ ಹೆಣೆದ ಸಿಹಿ ಈರುಳ್ಳಿಯ ಗೊಂಚಲು. ಅದು ವಿಭಾಳಿಗೆ. ವಿಭಾಳ ತೋಟದ ಮನೆಯಲ್ಲಿ ಅಜ್ಜಿ ಇರುವ ತನಕ ಈರುಳ್ಳಿ ಒಳಗೆ ಬರುವ ಹಾಗಿಲ್ಲ. ಆ ಹುಡುಗಿ ನಾಗಮ್ಮನ ಜಗಲಿಯಲ್ಲಿ ಕೂತು ಗಂಜಿಯ ಜೊತೆ ಹಸಿ ಈರುಳ್ಳಿಯನ್ನು ಕರಕರ ಜಗಿಯುತ್ತಿತ್ತು.

ಈ ನಂಟು ಕುದುರಿದ್ದು ಒಂದು ನಾಟಿಯಲ್ಲಿ. ಆಗ ರಂಜಿತಾಳ ಆಟದಲ್ಲಿ ಒಂದು ದೊಡ್ಡ ದೋಷವಿತ್ತು. ಪೆನಾಲ್ಟಿಯಲ್ಲಿ ಗೋಲಿನ ಮುಂದೆ ಕೀಪರ್ ಒಬ್ಬಳೇ, ಎದುರಿಗೆ ಚೆಂಡು ಹಿಡಿದವಳು ಒಬ್ಬಳೇ. ಸೀಟಿ ಊದಿದ ಮೇಲೆ ಮೂರು ಸೆಕೆಂಡಿನೊಳಗೆ ಎಸೆಯಬೇಕು. ಎಸೆಯುವವಳು ಸುಮ್ಮನೆ ಕೈ ಬೀಸಿ ಹೆದರಿಸಿದರೆ ಸಾಕು, ರಂಜಿತಾ ಮೊದಲೇ ಹಾರಿ ಬೀಳುತ್ತಿದ್ದಳು. ಆ ಮಳೆಗಾಲ ಗೆಳತಿಯ ಮನೆಗೆ ಬಂದ ವಿಭಾ, ಗದ್ದೆಕೆಲಸ ಗೊತ್ತಿಲ್ಲದ ತೋಟದವರ ಮಗಳಾದರೂ ಗದ್ದೆಗಿಳಿದಳು. ನಾಗಮ್ಮ ಅವಳಿಗೆ ಸಸಿ ಹಿಡಿಯುವುದನ್ನೂ ಹಾಡನ್ನೂ ಕಲಿಸಿದಳು.

*ಕೆಸರಾಗೆ ಕೈಯಿಟ್ಟೆ, ಹಸಿರಾಗಿ ಏಳವ್ವಾ...*

ಸಾಲು ಮುಗಿಯುವವರೆಗೆ ಬಗ್ಗಿ ನೆಡುವುದು, ‘ಏಳವ್ವಾ’ ಅನ್ನುವಾಗ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುವುದು. ಎಡಗಾಲು ಮೊದಲು. ಒಬ್ಬಳು ಬಲಗಾಲು ಕಿತ್ತರೂ ಪಕ್ಕದವಳ ಮೇಲೆ ಬಿದ್ದು ಸಾಲೇ ಕೆಡುತ್ತದೆ. ರಂಜಿತಾಳ ಕಾಲಿಗೆ ಇದು ನಡೆಯಲು ಕಲಿತ ದಿನದಿಂದ ಗೊತ್ತು.

ಸಂಜೆ ಕಾಲು ತೊಳೆಯುತ್ತ ವಿಭಾ ಹೇಳಿದ್ದಳು: “ಗೋಲಲ್ಲೂ ಸೀಟಿ ಊದಿದ್ದೇ ಇದೇ ಹಾಡು ಮನಸಲ್ಲೇ ಹೇಳೆ. ‘ಏಳವ್ವಾ’ ಬರೂವರೆಗೆ ಕಾಲು ಕೀಳ್ಬೇಡ. ಯಾರ್ ಹೆದ್ರಿಸಿದ್ರೂ ಕೀಳ್ಬೇಡ.”

ಅಲ್ಲಿಂದ ರಂಜಿತಾಳ ಗೋಲಿಗೆ ಬೀಗ ಬಿತ್ತು. ಎದುರಿನವರು ಕೈ ಬೀಸಿ ಬೀಸಿ ಸೋತು ಕೊನೆಗೆ ಅವಳ ಮೈಮೇಲೆಯೇ ಎಸೆಯುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ನಾಗಮ್ಮನಿಗೂ ಹೇಳಿರಲಿಲ್ಲ, ಗದ್ದೆಯ ಹಾಡನ್ನು ಆಟಕ್ಕೆ ಹಚ್ಚಿದ್ದು ಕೇಳಿದರೆ ಏನನ್ನುತ್ತಾಳೋ ಎಂಬ ನಾಚಿಕೆ.

ಭಟ್ಕಳದಲ್ಲಿ ವಿಭಾ ದೂರದಿಂದಲೇ ಕೈ ಬೀಸಿದಳು, ಹತ್ತಿರ ಬರಲಿಲ್ಲ. ಹೊಸ ಟೀಮಿನವರ ಎದುರು ಸಂಕೋಚ ಇರಬೇಕು ಎಂದುಕೊಂಡಳು ರಂಜಿತಾ. ಒಳ್ಳೆಯದನ್ನೇ ಎಣಿಸಿದಳು ಪಾಪ.

ಗೋವೆಗೆ ಮೊದಲ ಪೆನಾಲ್ಟಿ ಸಿಕ್ಕಿತು. ಚೆಂಡು ಅವಳ ಬಲಗಾಲಿನ ಪಕ್ಕದಲ್ಲೇ ನೆಲ ಸವರಿ ಒಳಗೆ ಹೋಯಿತು. ಹೋಗಲಿ, ಒಂದು ತಪ್ಪಿತು. ಎರಡನೆಯದು ಎಸೆದವಳು ಬೇರೆ, ಹೋದದ್ದು ಅದೇ ಮೂಲೆಗೆ. ಮೂರನೆಯದಕ್ಕೆ ಬಂದವಳು ಉದ್ದನೆಯ ಹುಡುಗಿ, ಕನ್ನಡದ ಗಂಧಗಾಳಿ ಇಲ್ಲದವಳು. ಅವಳು ಗೋಲಿನ ಮೂಲೆ ನೋಡಲಿಲ್ಲ, ರಂಜಿತಾಳ ಮುಖವನ್ನೂ ನೋಡಲಿಲ್ಲ. ಕಣ್ಣು ನೆಟ್ಟಿದ್ದು ರಂಜಿತಾಳ ಎಡಗಾಲಿನ ಮೇಲೆ. ಕೈಯಾಡಿಸುತ್ತ ಕಾದಳು. ಎಡಗಾಲು ನೆಲ ಬಿಟ್ಟ ಗಳಿಗೆಗೆ ಎಸೆದಳು. ಎಡಗಾಲು ಎದ್ದ ಮೇಲೆ ಮೈಭಾರವೆಲ್ಲ ಬಲಗಾಲಿನ ಮೇಲೆ. ಆ ಕಡೆಗೆ ಹಾರುವುದಾದರೂ ಹೇಗೆ?

ರಂಜಿತಾ ವಿಭಾಳ ಕಡೆ ನೋಡಿದಳು. ವಿಭಾ ಬಗ್ಗಿ, ಬಿಚ್ಚದೇ ಇದ್ದ ಶೂ ಲೇಸು ಕಟ್ಟುತ್ತಿದ್ದಳು.

ಆಗ ಗೊತ್ತಾಯಿತು. ಟೀಮು ಬಿಟ್ಟು ಹೋಗಿದ್ದಕ್ಕೆ ಇವಳಿಗೆ ಸಿಟ್ಟು ಬಂದಿರಲಿಲ್ಲ, ಫೋನ್ ಮಾಡದಿದ್ದದ್ದಕ್ಕೂ ಬಂದಿರಲಿಲ್ಲ. ಆದರೆ ವಿಭಾ ಜಗಲಿಯಲ್ಲಿ ಗಂಜಿ ಉಂಡು, ಅವ್ವನ ಬಾಯಿಂದ ಕಲಿತದ್ದನ್ನು ಕೊಂಡುಹೋಗಿ ಕಂಡವರ ಕೈಗೆ ಕೊಟ್ಟಿದ್ದಳು. ಎಲ್ಲಿ ಬಡಿದರೆ ನೋವಾಗುತ್ತದೆ ಎಂದು ತೋರಿಸಿಕೊಟ್ಟಿದ್ದಳು.

ಅಲ್ಲಿಂದ ರಂಜಿತಾ ಹಾಡು ಬಿಟ್ಟಳು. ಹಲ್ಲುಕಚ್ಚಿ ನಿಂತು, ಬರೀ ಚೆಂಡು ನೋಡಿ ಆಡಿದಳು. ನಾಲ್ಕನೇ ಪೆನಾಲ್ಟಿ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು. ಉಮಾ ಸಾಲಾಗಿ ಗೋಲು ಹೊಡೆದಳು. ಆಟ ಮುಗಿಯಲು ಬಂದಾಗ ಕುಮಟೆ ಒಂದು ಗೋಲು ಮುಂದಿತ್ತು. ಅಷ್ಟರಲ್ಲಿ ನಮ್ಮವಳೊಬ್ಬಳು ಎದುರಾಳಿಯ ಕೈ ಎಳೆದಳು, ರೆಫರಿ ಸೀಟಿ ಊದಿದ. ಕೊನೆಯ ಪೆನಾಲ್ಟಿ. ತಡೆದರೆ ಕುಮಟೆ ಮೇಲೆ, ಬಿಟ್ಟರೆ ಎಲ್ಲ ಮುಗಿಯಿತು.

ಚೆಂಡು ಹಿಡಿದು ಬಂದವಳು ವಿಭಾ.

ರಂಜಿತಾ ಹಾಡನ್ನು ಮನಸ್ಸಿನಿಂದ ಒದ್ದು ಹೊರಗೆ ಹಾಕಿ ನಿಂತಳು. ಸೀಟಿ ಕೇಳಿತು. ವಿಭಾ ಎಸೆಯಲಿಲ್ಲ. ಅವಳ ತುಟಿ ಅಲ್ಲಾಡಿತು. ದನಿ ಇಲ್ಲ, ತುಟಿ ಮಾತ್ರ. *ಕೆಸರಾಗೆ ಕೈಯಿಟ್ಟೆ...* ರಂಜಿತಾ ನೋಡಬಾರದಿತ್ತು, ನೋಡಿದಳು. ಬೇಡ ಬೇಡ ಎಂದು ಮನಸ್ಸು ಕೂಗುತ್ತಿತ್ತು. ಆದರೆ ಸಾಲಿನಲ್ಲಿ ಒಬ್ಬಳು ಹಾಡಿದರೆ ಉಳಿದವರ ಕಾಲು ಕೇಳಲೇಬೇಕು. ಅವಳ ಮನೆಯಲ್ಲಿ ಕಾಲಿಗೆ ಕಲಿಸಿದ್ದೇ ಹಾಗೆ. ‘ಏಳವ್ವಾ’ ಅನ್ನುವಲ್ಲಿಗೆ ಎಡಗಾಲು ತಾನಾಗಿ ಎದ್ದಿತು.

ಚೆಂಡು ಬಲಮೂಲೆಗೆ ಹೋಯಿತು. ಪಂದ್ಯ ಸಮ. ಗೋವೆಯ ಹುಡುಗಿಯರು ಕುಣಿದರು, ಉಮಾ ಅಲ್ಲೇ ಕೂತು ಅತ್ತಳು.

ಸ್ವಲ್ಪ ಹೊತ್ತು ಬಿಟ್ಟು ವಿಭಾ ಬಂದಳು. “ರಂಜೀ, ಬೇಜಾರ್ ಮಾಡ್ಕಬೇಡ್ವೆ. ಗೊತ್ತಿದ್ದದ್ದನ್ನ ಆಟದಲ್ಲಿ ಬಿಡೂಕಾಗ್ತದ್ಯಾ? ಆ ಉಪಾಯ ಹೇಳ್ಕೊಟ್ಟದ್ದೂ ನಾನೇ ಅಲ್ವಾ?”

“ಉಪಾಯ ನಿಂದು. ಹಾಡು ಯಾರ್ದು?”

ವಿಭಾ ಬಾಯಿ ತೆರೆಯುವಷ್ಟರಲ್ಲಿ ನಾಗಮ್ಮ ಮೆಟ್ಟಿಲಿಳಿದು ಬಂದಳು. ಸೋಲು ಗೆಲುವು ಅವಳಿಗೆ ಅಷ್ಟಾಗಿ ತಿಳಿದಿರಲಿಲ್ಲ. ಮುಖವೆಲ್ಲ ಅರಳಿತ್ತು.

“ತಂಗೀ, ಚೆಂಡ್ ಹೊಡಿಯೂಕೆ ಮೊದ್ಲು ನಮ್ಮ ಹಾಡು ಹೇಳ್ದೆ ಅಲ್ದಾ? ನಾ ತುಟಿ ನೋಡ್ದೆ! ಎಷ್ಟ್ ದೂರ ಹೋದ್ರೂ ಮರೀಲಿಲ್ಲ ನೋಡು ನಮ್ಮನ್ನ.” ಈರುಳ್ಳಿ ಗೊಂಚಲನ್ನು ವಿಭಾಳ ಕೈಗಿಟ್ಟು ಅವಳ ಗಲ್ಲ ಸವರಿದಳು. “ಮಳೆ ಬಿದ್ಮೇಲೆ ಗದ್ದೆ ನೆಟ್ಟಿಗೆ ಬಾ. ಉಳಿದ ಹಾಡ್ನೂ ಹೇಳ್ಕೊಡ್ತೆ.”

“ಬೇಡ ಅವ್ವ,” ಎಂದಳು ರಂಜಿತಾ.

ನಾಗಮ್ಮ ತಿರುಗಿ ನೋಡಿದಳು. ಮಗಳು ಇಂಥ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. “ಎಂತಕ್ಕೆ ಬೇಡ? ಎಂತ ಆತೇ?”

“ಅವ್ಳನ್ನೇ ಕೇಳು,” ಎಂದು ಹೇಳಿ ರಂಜಿತಾ ಬ್ಯಾಗು ಹೆಗಲಿಗೇರಿಸಿ ಟೆಂಪೊ ಕಡೆಗೆ ನಡೆದಳು.

ನಾಗಮ್ಮ ವಿಭಾಳ ಮುಖ ನೋಡುತ್ತ, ಉತ್ತರಕ್ಕೆ ಕಾಯುತ್ತ ನಿಂತಳು. ವಿಭಾ ಗೊಂಚಲನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅವಳ ತುಟಿ ಅಲ್ಲಾಡಲಿಲ್ಲ.