ತಿರುಗದ ಗಾಳ

ನಲವತ್ತು ಚಳಿಗಾಲ ಟ್ಯಾಮರಾಕ್ ಕೆರೆಯ ಮಂಜುಗಡ್ಡೆಯ ಮೇಲೆ ಒಬ್ಬನೇ ಕೂತು ಮೀನು ಹಿಡಿದಿದ್ದ ವಾಲ್ಫ್ರಿಡ್ ಕಂಗಾಸ್‌ಗೆ ಆ ಜನವರಿಯಲ್ಲಿ ಜೊತೆ ಸಿಕ್ಕಿತು. ಬಂದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಆರ್ಡಿಸ್. ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಡಿಸಿ ಆಗಷ್ಟೇ ನಿವೃತ್ತಳಾಗಿದ್ದಳು. ಒಂದು ಬೆಳಿಗ್ಗೆ ಅವನು ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದಾಗ, "ಇನ್ನೊಂದು ಲೋಟದಷ್ಟು ಸೇರಿಸು, ನಾನೂ ಬರ್ತೀನಿ" ಅಂದಳು.

"ಅಲ್ಲೇನಿದೆ ಅಂತ ಬರ್ತೀಯ? ಬರೀ ಚಳಿ."

"ನಲವತ್ತು ವರ್ಷದಿಂದ ನೀನು ಏನಿದೆ ಅಂತ ಹೋಗ್ತಿದ್ದೀಯೋ ಅದನ್ನೇ ನೋಡೋಕೆ."

ಅದಿರಿನ ರೈಲು ಓಡಿಸಿ ನಿವೃತ್ತನಾದ ವಾಲ್ಫ್ರಿಡ್ ಹೆಚ್ಚು ಮಾತಿನವನಲ್ಲ. ಸುಮ್ಮನೆ ಇನ್ನೊಂದು ಲೋಟ ಕಾಫಿ ಸುರಿದ. ಮಂಜಿನ ಮೇಲೆ ಅವನದೊಂದು ಹಲಗೆಯ ಗುಡಿಸಲು. ಒಳಗೆ ಮೊಣಕಾಲೆತ್ತರದ ಒಲೆ, ಮಂಜುಗಡ್ಡೆಯಲ್ಲಿ ಬೈರಿಗೆಯಿಂದ ಕೊರೆದ ಎರಡು ಕುಳಿ, ಒಂದು ಕುರ್ಚಿ. ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು ತಾನು ಬಕೆಟ್ಟು ಬೋರಲು ಹಾಕಿ ಕೂತ. ತನ್ನದೇ ಒಂದು ಹಳೆಯ ಗಾಳದ ಕೋಲನ್ನೂ ರೀಲನ್ನೂ ಅವಳ ಕೈಗಿತ್ತ.

ಮೂರು ದಿನ ಕಳೆಯಿತು. ಆರ್ಡಿಸ್‌ಗೆ ಒಂದೂ ಸಿಗಲಿಲ್ಲ. ಅವನಿಗೆ ಸಿಕ್ಕಿದ್ದು ಎರಡು, ಅದೂ ಅಂಗೈಗಿಂತ ಸಣ್ಣವು, ಸನ್ನಿ ಎಂಬ ಜಾತಿಯ ಮೀನು.

"ಕೆರೆ ಬರಿದಾಗಿದೆ" ಅಂದ ವಾಲ್ಫ್ರಿಡ್. "ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಬಾಚಿ ತಿಂದೋರು ತಿಂದ್ರು, ನಾವು ನೀರು ನೋಡ್ತಾ ಕೂತಿದ್ದೀವಿ."

ಬಾಚಿ ತಿಂದವರು ಯಾರೆಂದು ಆರ್ಡಿಸ್ ಕೇಳಬೇಕಿರಲಿಲ್ಲ. ಇನ್ನೂರು ಹೆಜ್ಜೆ ಆಚೆ ಹಸಿರು ಬಣ್ಣದ ಗುಡಿಸಲೊಂದಿತ್ತು. ಅದು ಎಲ್ಮರ್ ಸೊರ್ವಾರಿಯದು. ಒಂದು ಕಾಲಕ್ಕೆ ಇಬ್ಬರೂ ಸೇರಿ ಕುಳಿ ಕೊರೆಯುತ್ತಿದ್ದರು, ಒಬ್ಬರ ಮನೆಯ ಸೌನಾದ ಬಿಸಿ ಹಬೆಯಲ್ಲಿ ಇನ್ನೊಬ್ಬರು ಬೆವರಿಳಿಸುತ್ತಿದ್ದರು. ಆಮೇಲೆ ವಾಲ್ಫ್ರಿಡ್‌ನ ಬಕೆಟ್ಟು ಖಾಲಿಯಾಗುತ್ತಾ, ಎಲ್ಮರನ ಬಕೆಟ್ಟು ತುಂಬುತ್ತಾ ಬಂತು. ಒಬ್ಬರು ದಿನಕ್ಕೆ ಇಷ್ಟೇ ಮೀನು ಹಿಡಿಯಬೇಕೆಂಬ ಕಟ್ಟಳೆ ಆ ಕೆರೆಗಿತ್ತು. ಎರಡು ವರ್ಷದ ಹಿಂದೆ ಕೆರೆ ಸಂಘದ ಸಭೆಯಲ್ಲಿ ವಾಲ್ಫ್ರಿಡ್ ಎದ್ದು ನಿಂತು, "ಈ ಊರಲ್ಲಿ ಕೆಲವರು ಮೀನನ್ನ ಒಂದು, ಎರಡು ಅಂತ ಎಣಿಸಲ್ಲ, ಬಕೆಟ್ಟು ಲೆಕ್ಕದಲ್ಲಿ ಎಣಿಸ್ತಾರೆ" ಅಂದುಬಿಟ್ಟ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಇಡೀ ಸಭೆ ಎಲ್ಮರನ ಕಡೆ ತಿರುಗಿ ನೋಡಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ನಾಲ್ಕನೆಯ ದಿನ ಆರ್ಡಿಸ್‌ಗೆ ಕೂತು ಕೂತು ಸಾಕಾಯಿತು. ಕೋಲು ಬದಿಗಿಟ್ಟು, ಕುರಿತುಪ್ಪಳದ ಚರ್ಮವೊಂದನ್ನು ಹಾಸಿ ಬೋರಲು ಮಲಗಿ, ಕೋಟನ್ನು ತಲೆಮೇಲೆ ಎಳೆದುಕೊಂಡು ಗಂಡನ ಕುಳಿಯೊಳಗೆ ಇಣುಕಿದಳು. ಅಲ್ಲಿ ನೀರಿನ ಆಳ ಎಂಟೇ ಅಡಿ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ತಳದ ಪಾಚಿಯ ಎಳೆ ಎಳೆಯೂ ಕಾಣಿಸಿತು.

"ವಾಲ್ಫ್ರಿಡ್, ಇಲ್ಲಿ ಮೀನು ಇದ್ದಾವೆ ಕಣೋ."

"ಇದ್ದಿದ್ರೆ ಕಚ್ತಿರಲಿಲ್ವಾ?"

"ಬರ್ತಾವೆ, ನಿಲ್ತಾವೆ, ನೋಡ್ತಾವೆ, ವಾಪಸ್ ಹೋಗ್ತಾವೆ. ನಿನ್ನ ಗಾಳ ಬುಗುರಿ ಥರ ಸುತ್ತುತ್ತಾ ಇದೆ. ಯಾವ ಹುಳ ಹಂಗೆ ಸುತ್ತುತ್ತೆ ಹೇಳು?"

"ಮೀನಿಗೆ ಅದೆಲ್ಲ ಗೊತ್ತಾಗಲ್ಲ."

"ಇಪ್ಪತ್ತೆಂಟು ವರ್ಷ ಬಡಿಸಿದ್ದೀನಿ. ತಟ್ಟೆ ನೋಡಿ ಮೂಗು ಮುರಿಯೋರ ಮುಖ ನಂಗೆ ಚೆನ್ನಾಗಿ ಗೊತ್ತು."

ವಾಲ್ಫ್ರಿಡ್ ಬಗ್ಗಿ ನೋಡಲಿಲ್ಲ. ನೋಡುವುದಕ್ಕೆ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಆರ್ಡಿಸ್ ಗಾಳದಂಗಡಿಗೆ ಹೊರಟಳು. ಮುಖ ಊದಿಸಿಕೊಂಡು ಅವನೂ ಹೋದ. ಅಂಗಡಿಯ ನೈಲಾ ಹಿಂದೆ ಅದೇ ಶಾಲೆಯಲ್ಲಿ ಆರ್ಡಿಸ್ ಕೈಯ ಊಟ ಉಂಡವಳು. ಗಾಳ ಸುತ್ತುವ ಕತೆ ಕೇಳಿ ನಕ್ಕಳು.

"ಮಿಸೆಸ್ ಕಂಗಾಸ್, ತಪ್ಪು ಗಾಳದ್ದಲ್ಲ, ರೀಲಿಂದು. ನಿಮ್ಮ ಮನೇಲಿರೋ ರೀಲಲ್ಲಿ ಉರುಳೆ ನಿಂತಿರುತ್ತೆ, ತಂತಿ ಅದರ ಸುತ್ತ ತಿರುಗಿ ದಾರ ಸುತ್ತುತ್ತೆ. ಸುತ್ತಿದಷ್ಟೂ ದಾರಕ್ಕೆ ಹುರಿ ಬೀಳುತ್ತೆ, ಒಂದೇ ದಾರ ಮೂರ್ನಾಲ್ಕು ವರ್ಷ ಓಡಿಸಿದ್ರಂತೂ ಕೇಳೋದೇ ಬೇಡ. ಕೆಳಗೆ ಬಿಟ್ಟಾಗ ಹುರಿ ಬಿಚ್ಚಿಕೊಳ್ಳುತ್ತೆ, ಗಾಳ ಗಿರಗಿರ ಅನ್ನುತ್ತೆ. ಇದು ನೋಡಿ, ನೇರ ರೀಲು. ಇದರಲ್ಲಿ ಚಕ್ರಾನೇ ತಿರುಗೋದು. ದಾರ ನೆಟ್ಟಗೆ ಹೋಗುತ್ತೆ, ನೆಟ್ಟಗೆ ಬರುತ್ತೆ."

ಮೂರು ರೀಲು ತೆಗೆದು ಮುಂದಿಟ್ಟಳು. ಆರ್ಡಿಸ್ ಅವಸರಪಡಲಿಲ್ಲ, ತರಕಾರಿ ಆರಿಸುವವಳ ಹಾಗೆ ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಮೊದಲನೆಯದು ಹಗುರ, ಚೆಂದ. ಆದರೆ ಚಕ್ರ ಸಣ್ಣದು. "ಚಳೀಲಿ ಸಣ್ಣ ಚಕ್ರದ ದಾರ ಸುರುಳಿ ಸುರುಳಿಯಾಗೇ ನಿಂತುಬಿಡುತ್ತೆ" ಎಂದಳು ನೈಲಾ. ಎರಡನೆಯದರ ಚಕ್ರ ದೊಡ್ಡದು, ಆದರೆ ತಿರುಗಿಸುವ ಹಿಡಿ ಬಲಗಡೆ. ಆರ್ಡಿಸ್ ಕೋಲನ್ನು ಬಲಗೈಯಲ್ಲೇ ಹಿಡಿಯುವವಳು. ಮೀನಿನ ಸಣ್ಣ ಮಿಸುಕಾಟ ತಿಳಿಯಬೇಕಾದರೆ ಅವಳಿಗೆ ಆ ಕೈಯೇ ಬೇಕು. ಮೂರನೆಯದಕ್ಕೆ ದೊಡ್ಡ ಚಕ್ರ, ಎಡಗಡೆ ಹಿಡಿ, ತೋರುಬೆರಳು ಕೂರುವ ಜಾಗದಲ್ಲಿ ಒಂದು ಕೀಲಿ. ಅದನ್ನು ಒತ್ತಿದರೆ ಚಕ್ರ ಸಡಿಲಾಗಿ ಗಾಳ ತಾನಾಗೇ ಕೆಳಗಿಳಿಯುತ್ತದೆ. ಆರ್ಡಿಸ್ ಚೀಲದಿಂದ ಉಣ್ಣೆಯ ಕೈಗವಸು ತೆಗೆದು ಹಾಕಿಕೊಂಡು, ಕೀಲಿಯನ್ನು ಹತ್ತು ಸಲ ಒತ್ತಿ ಬಿಟ್ಟಳು.

"ದೊಡ್ಡದೊಂದು ಬಂದು ಜಗ್ಗಿದ್ರೆ ತಡ್ಕೊಳುತ್ತಾ?"

"ಸುಳ್ಳು ಯಾಕೆ ಹೇಳ್ಲಿ, ಇದರ ಬಿಗಿ ಅಷ್ಟಕ್ಕಷ್ಟೇ. ಹೆಬ್ಬೆರಳನ್ನ ಚಕ್ರದ ಅಂಚಿಗೆ ಒತ್ತಿ ನೀವೇ ತಡೀಬೇಕು."

"ಆಟದ ಸಾಮಾನು" ಎಂದು ವಾಲ್ಫ್ರಿಡ್ ಗಾಳಕ್ಕೆ ಸಿಕ್ಕಿಸುವ ಮರಿಮೀನಿನ ತೊಟ್ಟಿಯ ಹತ್ತಿರದಿಂದಲೇ ಗೊಣಗಿದ.

"ಹಂಗನ್ನಬೇಡಿ ಅಂಕಲ್. ಮೂರು ವರ್ಷದ ಹಿಂದೆ ಇದು ಬಂದಾಗ ಮೊದಲು ತಗೊಂಡೋರು ಎಲ್ಮರ್. ಅವತ್ತಿಂದ ಬೇರೆ ರೀಲು ಕೈಯಲ್ಲಿ ಹಿಡಿದಿಲ್ಲ."

ಆರ್ಡಿಸ್ ಗಂಡನನ್ನು ನೋಡಿದಳು. ಗಂಡ ತೊಟ್ಟಿಯ ಮರಿಮೀನುಗಳನ್ನು ನೋಡಿದ.

ಆರ್ಡಿಸ್ ಆ ಮೂರನೆಯದನ್ನೇ ಕೊಂಡಳು. ಅವತ್ತು ಮಧ್ಯಾಹ್ನ ಕೆರೆಯಲ್ಲಿ ಅವಳ ಮೊದಲ ಪ್ರಯತ್ನ ನಗೆಪಾಟಲಾಯಿತು. ಕೀಲಿ ಒತ್ತಿದಳು, ಗಾಳ ಸರ್ರನೆ ಇಳಿದು ತಳ ಮುಟ್ಟಿತು, ಚಕ್ರ ಮಾತ್ರ ನಿಲ್ಲಲಿಲ್ಲ. ನೋಡನೋಡುತ್ತಿದ್ದಂತೆ ಕೈಯಲ್ಲಿ ಹಕ್ಕಿಗೂಡಿನಂಥ ಸಿಕ್ಕು. ವಾಲ್ಫ್ರಿಡ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೊಟ್ಟೆ ಇಡೋಕೆ ಯಾವ ಹಕ್ಕಿ ಬರುತ್ತೆ ನೋಡೋಣ!"

"ನಗು, ನಗು. ನಕ್ಕು ಮೈ ಬಿಸಿಯಾದ್ರೆ ಒಲೆಗೆ ಸೌದೆ ಉಳೀತು" ಎಂದು ಆರ್ಡಿಸ್ ಹೆಣಿಗೆಯ ಕಡ್ಡಿಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಕೂತಳು. ಅರ್ಧ ಗಂಟೆ ಹಿಡಿಯಿತು. ಎರಡನೆಯ ಸಲ ಹೆಬ್ಬೆರಳನ್ನು ಚಕ್ರಕ್ಕೆ ಸೋಕಿಸಿಕೊಂಡೇ ದಾರ ಬಿಟ್ಟಳು. ಗಾಳ ತಳ ಮುಟ್ಟುವ ಮೊದಲೇ ಒತ್ತಿ ನಿಲ್ಲಿಸಿದಳು. ಐದು ನಿಮಿಷವಾಗಿರಲಿಲ್ಲ, ಕೋಲಿನ ತುದಿ ಬಾಗಿತು. ಮೇಲೆ ಬಂದದ್ದು ಕಿತ್ತಳೆ ಹೊಟ್ಟೆಯ, ತಟ್ಟೆಯಗಲದ ಸನ್ನಿ. ಆಮೇಲೆ ಇನ್ನೊಂದು. ಮತ್ತೊಂದು. ವಾಲ್ಫ್ರಿಡ್‌ನ ಕುಳಿ ಮಾತ್ರ ತಣ್ಣಗಿತ್ತು.

ಆರನೆಯ ಮೀನು ಬಂದಾಗ ಅವನಿಗೆ ತಡೆಯಲಾಗಲಿಲ್ಲ. ತನ್ನ ಕೋಲನ್ನು ಬಕೆಟ್ಟಿಗೆ ಒರಗಿಸಿ, ಚರ್ಮದ ಮೇಲೆ ಬೋರಲು ಬಿದ್ದು, ಕೋಟು ಹೊದ್ದು ಇಣುಕಿದ.

ಮೊದಲು ಕಂಡದ್ದು ತನ್ನ ಗಾಳ. ನಿಧಾನವಾಗಿ ಬಲಕ್ಕೆ ಸುತ್ತುತ್ತಿತ್ತು, ನಿಂತು ಎಡಕ್ಕೆ ಸುತ್ತುತ್ತಿತ್ತು. ಪಾಚಿಯ ಸಂದಿನಿಂದ ಒಂದು ಸನ್ನಿ ಬಂತು. ಅದರ ಹಿಂದೆ ನಾಲ್ಕು, ಅವುಗಳ ಹಿಂದೆ ಲೆಕ್ಕಕ್ಕೆ ಸಿಗದಷ್ಟು ನೆರಳು. ಮುಂದಿನದು ಬೆರಳಗಲ ದೂರದವರೆಗೆ ಬಂದು, ಗಾಳವನ್ನು ದಿಟ್ಟಿಸಿ, ಹಿಂದಕ್ಕೆ ಸರಿದುಹೋಯಿತು. ಆಚೆ ಕುಳಿಯ ಕೆಳಗೆ ಆರ್ಡಿಸ್‌ಳ ಗಾಳ ಅಲ್ಲಾಡದೆ ನಿಂತಿತ್ತು. ಅದೇ ಮೀನು ಅಲ್ಲಿಗೆ ಹೋಗಿ ಬಾಯಿ ತೆರೆಯಿತು.

ಅವನು ಬಹಳ ಹೊತ್ತು ಏಳಲಿಲ್ಲ. ಕೆರೆ ಎಂದೂ ಬರಿದಾಗಿರಲೇ ಇಲ್ಲ. ಎಲ್ಮರ್ ಯಾರ ಪಾಲನ್ನೂ ಕಿತ್ತುಕೊಂಡಿರಲಿಲ್ಲ. ಮೂರು ವರ್ಷವೂ ಮೀನು ಇಲ್ಲೇ ಇದ್ದವು, ಅವನ ಗಾಳವನ್ನು ನೋಡಿ ನೋಡಿ ಹೋಗುತ್ತಿದ್ದವು. ಸಭೆಯಲ್ಲಿ ಎಲ್ಲರೂ ತಿರುಗಿದಾಗ ಎಲ್ಮರ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನೇ ಸವರುತ್ತಿದ್ದುದು ಈಗ ಕಣ್ಣಿಗೆ ಕಟ್ಟಿತು.

ಎದ್ದು ಕೂತಾಗ ಅವನ ಗಡ್ಡದ ತುದಿ ನೀರಿಗೆ ತಾಗಿ ನೆನೆದಿತ್ತು.

"ಕಂಡ್ತಾ?" ಎಂದಳು ಆರ್ಡಿಸ್.

"ಕಂಡ್ತು."

"ನೀನು ಹೋಗ್ತೀಯೋ, ನಾನು ಹೋಗ್ಲೋ?"

ಅವನು ಟೋಪಿ ಹಾಕಿಕೊಂಡ. ಇನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಹೇಳಬೇಕಾದ ಮಾತನ್ನು ನಾಲ್ಕು ಥರ ಜೋಡಿಸಿದ, ಹಸಿರು ಬಾಗಿಲು ಬಡಿಯುವ ಹೊತ್ತಿಗೆ ನಾಲ್ಕೂ ಮರೆತುಹೋದವು.

"ಯಾರು? ಬೇಗ ಒಳಗೆ ಬಂದು ಬಾಗಿಲು ಹಾಕಿ, ಬೆಳಕು ಬಿದ್ರೆ ಮೀನು ಓಡ್ತಾವೆ" ಎಂದ ಎಲ್ಮರ್. ಬಂದವನನ್ನು ನೋಡಿ ಮತ್ತೆ ಕುಳಿಯ ಕಡೆ ತಿರುಗಿದ.

ವಾಲ್ಫ್ರಿಡ್ ಕೂರಲಿಲ್ಲ. "ನಾನು ತಪ್ಪು ಮಾತಾಡಿದೆ, ಎಲ್ಮರ್. ಅವತ್ತು ಸಭೇಲಿ. ನನ್ನ ದಾರಕ್ಕೆ ಹುರಿ ಬಿದ್ದಿತ್ತು, ನಾನು ನಿನ್ನನ್ನ ಕಳ್ಳ ಮಾಡಿದೆ."

ಎಲ್ಮರ್ ದಾರ ಸುತ್ತಿಕೊಂಡ. ಅವನ ಕೈಯಲ್ಲೂ ಅದೇ ದೊಡ್ಡ ಚಕ್ರ.

"ಎರಡು ವರ್ಷ ಕಂಗಾಸ್. ಪೆಟ್ರೋಲ್ ಬಂಕಲ್ಲಿ ನಿಂತ್ರೆ ಯಾರಾದ್ರೂ ಬಂದು ನನ್ನ ಬಕೆಟ್ಟಿನ ಮುಚ್ಚಳ ಎತ್ತಿ ನೋಡೋರು. ತಮಾಷೆಗೆ ಅನ್ನೋರು. ನಾನೂ ನಗ್ತಿದ್ದೆ. ಮನೆಗೆ ಹೋದ್ರೆ ಕಟ್ಕೊಂಡ ಹೆಂಡತಿ ಮರ್ಲಿಸ್ ಜೊತೆ ಮಾತಾಡೋಕೂ ಆಗ್ತಿರಲಿಲ್ಲ."

"ನಂಗೆ ಗೊತ್ತಿರಲಿಲ್ಲ."

"ನೀನು ಕೇಳಲೂ ಇಲ್ಲ. ಒಂದು ಸಲ ಬಂದು, ಲೋ, ಯಾವುದರಲ್ಲಿ ಹಿಡೀತೀಯ ಅಂತ ಕೇಳಿದ್ರೆ ತೋರಿಸ್ತಿದ್ದೆ. ನಿನಗಲ್ದೆ ಇನ್ಯಾರಿಗೆ ತೋರಿಸ್ಲಿ?"

ವಾಲ್ಫ್ರಿಡ್ ನೆಲ ನೋಡಿದ. "ಬರೋ ಸಭೇಲಿ ಅದೇ ಜಾಗದಲ್ಲಿ ನಿಂತು ಹೇಳ್ತೀನಿ."

"ಸಭೆ ಇರೋದು ಮೇ ತಿಂಗಳಲ್ಲಿ. ಅಲ್ಲೀವರೆಗೆ ಮುಚ್ಚಳ ಎತ್ತಿಸ್ಕೊಳ್ಳೋದು ನಾನು ತಾನೆ?"

"ಹಂಗಾದ್ರೆ ಭಾನುವಾರ."

ಭಾನುವಾರ ಅಗ್ನಿಶಾಮಕ ಠಾಣೆಯಲ್ಲಿ ಊರಿಗೆಲ್ಲ ಪ್ಯಾನ್‌ಕೇಕ್ ಉಪಾಹಾರ. ಉದ್ದದ ಮೇಜುಗಳ ನಡುವೆ ವಾಲ್ಫ್ರಿಡ್ ಎದ್ದು ನಿಂತು ಚಮಚದಿಂದ ಲೋಟ ಬಡಿದ. ಅವನು ತಾನಾಗಿ ಎದ್ದು ಮಾತಾಡಿದ್ದು ಜೀವಮಾನದಲ್ಲಿ ಇದು ಎರಡನೆಯ ಸಲ, ಹಾಗಾಗಿ ಗದ್ದಲ ತಾನೇ ಅಡಗಿತು.

"ಹಿಂದೆ ನಾನೊಂದು ಮಾತು ಆಡಿದ್ದೆ, ಹೆಸರು ಹೇಳಿರಲಿಲ್ಲ. ಇವತ್ತು ಹೇಳ್ತೀನಿ. ಎಲ್ಮರ್ ಸೊರ್ವಾರಿ ಒಂದು ಮೀನೂ ಜಾಸ್ತಿ ಹಿಡಿದಿಲ್ಲ. ನನಗೆ ಹಿಡಿಯೋಕೆ ಬರ್ತಿರಲಿಲ್ಲ, ಅಷ್ಟೇ."

"ಅದು ನಮಗೆ ಮೊದಲೇ ಗೊತ್ತಿತ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಠಾಣೆ ನಗೆಯಲ್ಲಿ ಮುಳುಗಿತು. ವಾಲ್ಫ್ರಿಡ್‌ನ ಕಿವಿ ಕೆಂಪಾದವು. ಎಲ್ಮರ್ ಮಾತ್ರ ನಗಲಿಲ್ಲ. ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಕೋಟನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡ. ವಾಲ್ಫ್ರಿಡ್ ತಟ್ಟೆ ಎತ್ತಿಕೊಂಡು ಹೋಗಿ ಅಲ್ಲಿ ಕೂತ. ಮರ್ಲಿಸ್ ಅವನ ತಟ್ಟೆಗೆ ಇನ್ನೆರಡು ಪ್ಯಾನ್‌ಕೇಕ್ ಹಾಕಿದಳು.

ಅಲ್ಲಿಂದ ಗಂಡಸರಿಬ್ಬರೂ ನೇರ ನೈಲಾಳ ಅಂಗಡಿಗೆ ಹೋದರು. ವಾಲ್ಫ್ರಿಡ್ ಕಣ್ಣಿಗೆ ಬಿದ್ದ ದುಬಾರಿ ರೀಲಿಗೇ ಕೈ ಹಾಕಿದ. "ಅದು ಬೇಡ" ಎಂದು ಎಲ್ಮರ್ ಅವನ ಕೈಯನ್ನು ಸರಿಸಿದ. "ನಿನ್ನ ಬೆರಳೋ ಒನಕೆ ಗಾತ್ರ, ಈ ಕೀಲಿ ನಿನಗೆ ಸಿಗೋದೇ ಇಲ್ಲ. ಉದ್ದನೆ ಕೀಲಿದು ತಗೋ. ಚಕ್ರದ ಮುಂದೆ ಎರಡು ಬೆರಳು ಕೂರಬೇಕು, ಆವಾಗಲೇ ಕೋಲು ಕೈಯಲ್ಲಿ ತೂಗೋದು."

"ಬಣ್ಣ ಕೆಂಪು."

"ಮೀನು ನಿನ್ನ ರೀಲು ನೋಡೋಕೆ ಮೇಲೆ ಬರುತ್ತಾ? ತಗೋ ಸುಮ್ಮನೆ."

ಆ ಸಂಜೆ ನಾಲ್ವರೂ ಆರ್ಡಿಸ್‌ಳ ಅಡುಗೆಮನೆಯಲ್ಲಿದ್ದರು. ಗಂಡಸರು ಸಿಂಕಿನ ಹತ್ತಿರ ನಿಂತು ಮೀನು ಸೀಳುತ್ತಾ, ಸಿಕ್ಕಾದ ದಾರವನ್ನು ಬಿಡಿಸಬೇಕೋ ಕತ್ತರಿಸಬೇಕೋ ಎಂದು ವಾದಕ್ಕಿಳಿದಿದ್ದರು. ಮೀನನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಬೇಕೆಂದು ಮರ್ಲಿಸ್, ಪುಡಿ ಮಾಡಿದ ಉಪ್ಪು ಬಿಸ್ಕತ್ತಿನಲ್ಲಿ ಎಂದು ಆರ್ಡಿಸ್. ಕೊನೆಗೆ ಎರಡು ಬಾಣಲೆ ಇಟ್ಟರು. ವಾಲ್ಫ್ರಿಡ್ ಎರಡರಿಂದಲೂ ಒಂದೊಂದು ತಿಂದು, ಯಾವುದು ಚೆನ್ನಾಗಿದೆ ಎಂದು ಇಬ್ಬರೂ ಕೇಳಿದಾಗ, ಬಾಯಿ ತುಂಬಿದೆ ಎಂದು ಕೈಯಲ್ಲೇ ತೋರಿಸಿ ಮತ್ತೊಂದಕ್ಕೆ ಕೈ ಚಾಚಿದ.