ಕುರ್ಚಿ ಕಾಲಿಗೆ ಕರಿ ಕುಲಾವಿ

ಗುತ್ಯಮ್ಮನ ಬಲ ಅಂಗೈ ಸುಟ್ಟ ಬದನೆಕಾಯಿ ಹಾಗಾಗಿತ್ತು. ಶಿಕಾರಿಪುರದ ವೀರಬಸಪ್ಪನ ಅಕ್ಕಿ ಗಿರಣಿಗೆ ಕರೆಂಟು ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಗೋಡೆಯ ಮೇಲಿನ ಕಬ್ಬಿಣದ ಸ್ವಿಚ್ಚಿನ ಪೆಟ್ಟಿಗೆ ಅವಳನ್ನು ಎತ್ತಿ ತೌಡಿನ ರಾಶಿಗೆ ಒಗೆದಿತ್ತು. ಮೆತ್ತಗಿನ ತೌಡಿದ್ದದ್ದಕ್ಕೆ ಜೀವ ಉಳಿಯಿತು.

ಸಾಹುಕಾರ ವೀರಬಸಪ್ಪ ತಪ್ಪನ್ನೆಲ್ಲ ಅವಳ ತಲೆಗೇ ಕಟ್ಟಿದ. "ಪೆಟ್ಟಿಗೀಗೆ ನೀರು ಹಾಕಿ ಪೂಜಿ ಮಾಡು ಅಂದವರ‍್ಯಾರು? ನಾಳಿಂದ ಕೆಲಸಕ್ಕ ಬರಬ್ಯಾಡ."

ನೀರು ಹಾಕಿದ್ದು ನಿಜವೇ. ಶುಕ್ರವಾರ ಹೊಸ್ತಿಲು ತೊಳೆದು ಕುಂಕುಮವಿಡುವ ಹೆಂಗಸರು ಅನ್ನ ಕೊಡುವ ಪೆಟ್ಟಿಗೆಯನ್ನು ಬಿಟ್ಟಾರೆಯೇ? ತಂಬಿಗೆ ನೀರೆರೆದು, ಹೂವಿಟ್ಟ ಮೇಲೆಯೇ ಮಿಷನ್ನು ಶುರು. ಸಾಹುಕಾರನೂ ಪ್ರತಿ ವಾರ ಕೈಮುಗಿದು ಪ್ರಸಾದದ ಬಾಳೆಹಣ್ಣು ತಿಂದವನೇ. ಈಗ ಮಹಾಶಯನಿಗೆ ಮರೆವು!

ಜೊತೆಗೇ ಅಕ್ಕಿ ಕೇರುತ್ತಿದ್ದ ವರದಮ್ಮನಿಗೆ ಮೈಯೆಲ್ಲ ಉರಿಯಿತು. ಸೊರಬದಿಂದ ಬಂದ ಗುತ್ಯಮ್ಮ ಅವಳ ಓರಗಿತ್ತಿ. ವರದಮ್ಮ ನೆಟ್ಟಗೆ ವೈರ್‌ಮನ್ ಉಸ್ಮಾನ್ ಸಾಬನ ಬಳಿ ಹೋದಳು.

"ಪೆಟ್ಟಿಗೀಗೆ ವೈರ್ ಹೋಗೋ ತೂತು ಬಾಯಿ ಬಿಟ್ಕಂಡು ಕುಂತಾವ ತಾಯಿ," ಎಂದ ಅವನು. "ಮಿಷನ್ ಜೋಡಿ ನಾಕು ಪ್ಲಾಸ್ಟಿಕ್ ಗ್ಲ್ಯಾಂಡ್ ಬಂದಿದ್ವು. ಕರೇವು, ಕೂಸಿನ ಕುಲಾವಿ ಇದ್ದಂಗ. ತೂತಿಗೆ ಕೂರಿಸಿ ತಿರುವಿದ್ರ ವೈರನ್ನ ಬಿಗಿಯಾಗಿ ಹಿಡ್ಕಂತಾವ, ಹನಿ ನೀರು ಒಳಗ ಬಿಡಂಗಿಲ್ಲ. ಆಮ್ಯಾಲ ಹಾಕ್ಸಾಣ ಅಂತ ಸಾವ್ಕಾರ್ರು ಮನೀಗೆ ಒಯ್ದ್ರು. ಕೇಳಿ ಕೇಳಿ ನನ್ನ ಬಾಯಿ ಒಣಗೈತಿ."

ಮರುದಿನ ವರದಮ್ಮ ನುಚ್ಚಿನ ಬುಟ್ಟಿ ಹೊತ್ತು ಸಾಹುಕಾರನ ಮನೆಗೆ ಹೋದಳು. ಹೊಸ ಕೆಂಪು ನೆಲ ಥಳಥಳ ಹೊಳೆಯುತ್ತಿತ್ತು. ಅವನ ಹೆಂಡತಿ ನೀಲಾಂಬಿಕ ಪಾಪ, ಕಪಟ ಅರಿಯದವಳು.

"ಕುರ್ಚಿ ಕಾಲು ನೋಡೇ ವರದಮ್ಮ! ಪ್ಲಾಸ್ಟಿಕ್ಕಂತೆ. ನೆಲಕ್ಕ ಒಂದು ಗೀರು ಬೀಳಂಗಿಲ್ಲ. ನಮ್ಮೋರೇ ಹುಡುಕಿ ಹಾಕ್ಯಾರ."

ನಾಲ್ಕು ಕಾಲಿಗೆ ನಾಲ್ಕು ಕರಿ ಕುಲಾವಿ. ವರದಮ್ಮನಿಗೆ ಮೊದಲು ನಗು ಬಂತು, ಹಿಂದೆಯೇ ಅಳು. ನೆಲದ ಮೇಲಿದ್ದ ಕಾಳಜಿ ಗುತ್ಯಮ್ಮನ ಕೈ ಮೇಲೆ ಇರಲಿಲ್ಲ.

ಶುಕ್ರವಾರ ಬಂತು. ಗಿರಣಿ ಮುಂದೆ ಈಸೂರಿನ ಭತ್ತದ ಗಾಡಿಗಳು ಸಾಲುಗಟ್ಟಿದ್ದವು. ಹೆಂಗಸರೆಲ್ಲ ಮೊರ ಬೋರಲು ಹಾಕಿ ಕೂತುಬಿಟ್ಟರು. ವರದಮ್ಮ ನೀರಿನ ತಂಬಿಗೆಯನ್ನು ಸಾಹುಕಾರನ ಮುಂದೆ ಚಾಚಿದಳು.

"ಇವತ್ತು ಪೂಜಿ ನಿಮ್ಮ ಕೈಯಾಗೇ ಆಗ್ಲಿ ಸಾವ್ಕಾರ್ರೇ. ನೀರು ಹಾಕಿ ಗುಂಡಿ ಒತ್ರಿ."

ವೀರಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನಂದು... ಸ್ನಾನ ಆಗಿಲ್ಲ."

"ಹಣಿ ತುಂಬಾ ವಿಭೂತಿ ಐತಲ್ರೀ!"

ಗಾಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮುದುಕ ನೊಗಕ್ಕೆ ಕೈ ಹಾಕಿದ. "ಹೆಣ್ಮಕ್ಕಳು ಏಳೋಮಟ ನಮ್ಮ ಭತ್ತ ಇಲ್ಲಿ ಇಳಿಯಂಗಿಲ್ಲ. ಹೊಡೀರೋ ಗಾಡಿ!"

ಸಾಹುಕಾರನ ಮುಖ ಹುಳ್ಳಗಾಯಿತು. "ಏನಾಗ್ಬೇಕು ಹೇಳ್ರಿ ಮಾರಾಯ್ರ!"

"ಗುತ್ಯಮ್ಮ ಕೆಲಸಕ್ಕ ಬರ್ಬೇಕು. ಕೈ ವಾಸಿ ಆಗೋಮಟ ಕೂಲಿ ಕೊಡ್ಬೇಕು," ಎಂದಳು ವರದಮ್ಮ. "ಆಮ್ಯಾಲ, ನಿಮ್ಮ ಕುರ್ಚಿ ಇಲ್ಲಿಗೆ ಬರ್ಬೇಕು."

ಮೆರವಣಿಗೆಯಲ್ಲಿ ಬಂದಂತೆ ಬಂತು ಕುರ್ಚಿ. ಉಸ್ಮಾನ್ ಸಾಬ್ ಕರೆಂಟು ತೆಗೆದು, ಪೆಟ್ಟಿಗೆಯ ಒಳಗೆಲ್ಲ ಒರೆಸಿ ಒಣಗಿಸಿದ. ಕುಲಾವಿಗಳನ್ನು ಕುರ್ಚಿಯಿಂದ ಬಿಚ್ಚಿ ತೂತುಗಳಿಗೆ ಕೂರಿಸಿ ಬಿಗಿದ. ವರದಮ್ಮ ನೀರಿಲ್ಲದೆ ಒಣ ಕುಂಕುಮವನ್ನಷ್ಟೇ ಇಟ್ಟಳು. ಕರೆಂಟು ಬಂತು. ಗುಂಡಿ ಒತ್ತಲು ಎಲ್ಲರೂ ಮನೆಯಿಂದ ಕರೆತಂದಿದ್ದ ಗುತ್ಯಮ್ಮನನ್ನೇ ಮುಂದೆ ಮಾಡಿದರು.

ಅವಳು ಕಟ್ಟು ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ನಿಂತಳು.

"ಮೊದ್ಲು ಸಾವ್ಕಾರ್ರು ಪೆಟ್ಗೆ ಮುಟ್ಲಿ ಅಕ್ಕಾ. ಆಮೇಲೆ ನಾನು ಒತ್ತದು."

ವೀರಬಸಪ್ಪ ಶಿವನಾಮ ಹೇಳುತ್ತ, ಕಣ್ಣು ಮುಚ್ಚಿ, ಅಂಗೈಯನ್ನು ಪೆಟ್ಟಿಗೆಗೆ ತಾಗಿಸಿದ. ಏನೂ ಆಗಲಿಲ್ಲ. ಗುತ್ಯಮ್ಮ ಎಡಗೈಯಿಂದ ಗುಂಡಿ ಒತ್ತಿದಳು. ಮಿಷನ್ನು ಗುಡುಗುಡು ಎಂದಿತು. ಹೆಂಗಸರು ನಗುತ್ತ ಮೊರ ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಹೊತ್ತು ಏರಿದರೂ ಮಿಷನ್ನಿನ ಸದ್ದಿಲ್ಲ. ಸಾಹುಕಾರ ಓಡೋಡಿ ಬಂದು ನೋಡಿದರೆ ಮೊರಗಳೆಲ್ಲ ಮತ್ತೆ ಬೋರಲು.

"ಇನ್ನೇನ್ರೇ ನಿಮ್ದು?"

"ನಿಮ್ಮ ದಾರೀನೇ ಕಾಯ್ತಿದ್ವಿ," ಎಂದಳು ವರದಮ್ಮ. "ಮುಟ್ರಿ ಮತ್ತ. ಇನ್ಮ್ಯಾಲ ದಿನಾ ಮೊದಲು ನೀವು, ಆಮ್ಯಾಲ ನಾವು."